ಡ್ರೈನ್ ಇಟ್ಟ ದೋಣಿ

ಪೀಣ್ಯದ ನನ್ನ ಶೆಡ್ಡಿನಲ್ಲಿ ಇಪ್ಪತ್ತೆಂಟು ವರ್ಷಗಳಿಂದ ತಗಡಿನ ಟ್ಯಾಂಕುಗಳು ತಯಾರಾಗುತ್ತಿವೆ. ನೀರಿನದು, ಎಣ್ಣೆಯದು, ಆಸಿಡ್ಡಿನದು. ಕೇಳಿದವರಿಗೆ ಕೇಳಿದ ಅಳತೆ. ಈ ಅವಧಿಯಲ್ಲಿ ಡ್ರೈನ್ ಇಲ್ಲದ ಒಂದೇ ಒಂದು ಟ್ಯಾಂಕೂ ನಮ್ಮ ಗೇಟು ದಾಟಿಲ್ಲ. ಡ್ರೈನ್ ಎಂದರೆ ಒಳಗಿನದನ್ನು ಪೂರ್ತಿ ಖಾಲಿ ಮಾಡಲು ತಳದ ಒಂದು ಮೂಲೆಯಲ್ಲಿ ಇಡುವ ಅರ್ಧ ಇಂಚಿನ ತೂತು, ಅದಕ್ಕೊಂದು ತಿರುಪಿನ ಪ್ಲಗ್. ಗಿರಾಕಿ ಬೇಡವೆಂದರೂ ಇಡುತ್ತೇವೆ. ಮನುಷ್ಯ ಮಾಡಿದ ಯಾವ ಪಾತ್ರೆಯನ್ನೂ ಒಂದಲ್ಲ ಒಂದು ದಿನ ತೊಳೆಯಬೇಕಾಗುತ್ತದೆ ಎಂಬುದು ನನ್ನ ಸಿದ್ಧಾಂತ. ಈ ಸಿದ್ಧಾಂತವನ್ನು ನಾನು ದೋಣಿಗೂ ಅನ್ವಯಿಸಿದೆ.

ದೋಣಿಯ ಪ್ರಸಂಗ ಬಂದದ್ದು ನಮ್ಮ ಹಳೆಯ ವೆಲ್ಡರನಿಂದ. ಹನ್ನೊಂದು ವರ್ಷ ನನ್ನ ಬಳಿ ದುಡಿದು, ಕಣ್ಣಿಗೆ ಬೆಂಕಿ ಸಾಕಾಗಿ, ಆನೇಕಲ್ ಕಡೆಯ ತನ್ನ ಊರಿಗೆ ಹಿಂತಿರುಗಿದ್ದ. ಅಲ್ಲಿ ಊರ ಕೆರೆಯಲ್ಲಿ ಮೀನು ಸಾಕುವ ಗುತ್ತಿಗೆ ಹಿಡಿದಿದ್ದ. ಮರಿ ಬಿಟ್ಟು ಹತ್ತು ತಿಂಗಳಾಗಿತ್ತು. ಇನ್ನು ಹದಿನೈದು ದಿನಕ್ಕೆ ಬಲೆ ಹಾಕಬೇಕು ಅನ್ನುವಾಗ ಅವನ ಹರಿಗೋಲಿನ ತಳ ಕಿತ್ತುಬಂತು. ಈ ಸುದ್ದಿ ಹೇಳಲು ಫೋನ್ ಮಾಡಿದವನಿಗೆ ನಾನು, ಮಹಾರಾಜರು ಜಹಗೀರು ದಯಪಾಲಿಸುವ ಧಾಟಿಯಲ್ಲಿ, "ಹರಿಗೋಲು ಯಾಕೋ, ನಾನೇ ಒಂದು ದೋಣಿ ಮಾಡಿ ಕೊಡ್ತೀನಿ. ದುಡ್ಡಿನ ಮಾತೇ ಎತ್ತಬೇಡ" ಅಂದುಬಿಟ್ಟೆ. ಅಲ್ಲಿಯವರೆಗೆ ನಾನು ದೋಣಿ ಹತ್ತಿದವನಲ್ಲ. ಈಜು ಬಾರದು. ಚಿತ್ರದುರ್ಗದ ಕಡೆಯ ಲಿಂಗವಂತರ ಮನೆಯಲ್ಲಿ ಹುಟ್ಟಿದ ನನಗೆ ಮೀನಿನ ಪರಿಚಯ ಕ್ಯಾಲೆಂಡರಿನ ಮತ್ಸ್ಯಾವತಾರದಿಂದ ಆಚೆಗೆ ಹೋಗಿರಲಿಲ್ಲ.

ದೋಣಿ ಮುಗಿದ ದಿನ ಅದನ್ನು ಟ್ಯಾಂಕಿನಂತೆಯೇ ಪರೀಕ್ಷಿಸಿದೆವು. ಅಂದರೆ ಒಳಗೆ ಅಂಚಿನ ತನಕ ನೀರು ತುಂಬಿಸಿ ಒಂದು ದಿನ ಬಿಟ್ಟೆವು. ಹೊರಗೆ ಒಂದು ಹನಿ ಒಸರಲಿಲ್ಲ. ನೀರು ಹೊರಗೆ ಬರದಿದ್ದ ಮೇಲೆ ಒಳಗೂ ಬರಲಾರದು ಎಂದು ತೀರ್ಮಾನಿಸಿ, ಪ್ಲಗ್ ಬಿಚ್ಚಿ, ಚರಂಡಿಗೆ ಹರಿಯಬಿಟ್ಟೆವು. ಬಣ್ಣ ಹೊಡೆಯುವವನು ರೂಢಿಯಂತೆ ಪಕ್ಕೆಯ ಮೇಲೆ 'ಕುಡಿಯುವ ನೀರು' ಎಂದು ಅಚ್ಚು ಹಾಕಿದ್ದ. ಬೈದು ಅಳಿಸಲು ಹೇಳಿದೆ. ಅಳಿಸಿದ ಮೇಲೆ ಅದು ಇನ್ನೂ ಎದ್ದು ಕಾಣುತ್ತಿತ್ತು.

ಹೊತ್ತೇರಿದರೆ ಗೂಡ್ಸ್ ಗಾಡಿಗಳನ್ನು ಊರೊಳಗೆ ಬಿಡುವುದಿಲ್ಲ. ಹಾಗಾಗಿ ನಾಗಸಂದ್ರದಲ್ಲಿ ಮೊದಲ ಮೆಟ್ರೋ ಹೊರಡುವುದಕ್ಕೂ ಮುಂಚೆಯೇ ಟೆಂಪೊ ಹತ್ತಿ, ಬೆಳಕು ಹರಿಯುವ ಹೊತ್ತಿಗೆ ಕೆರೆಯ ಏರಿ ಮೇಲಿದ್ದೆ. ಜತೆಗೆ ತೆಂಗಿನಕಾಯಿ, ಕರ್ಪೂರ, ಸೇವಂತಿಗೆಯ ಒಂದು ಹಾರ. ಉದ್ಘಾಟನೆ ಯಥೋಚಿತವಾಗಿ ನಡೆಯಬೇಕೆಂದು ನಾನೇ ಹೇಳಿಕಳಿಸಿದ್ದೆ.

ಎದುರುಗೊಳ್ಳಲು ಯಾರೂ ಇರಲಿಲ್ಲ. ನಮ್ಮ ವೆಲ್ಡರ್ ಸೊಂಟದ ನೀರಿನಲ್ಲಿ ನಿಂತು, ಹುಚ್ಚು ಹಿಡಿದವನಂತೆ ಬಿದಿರುಗಳದಿಂದ ನೀರನ್ನು ಬಡಿಯುತ್ತಿದ್ದ. ಏರಿಯ ಮೇಲೆ ಅವನ ತಾಯಿ ಕುಳಿತಿದ್ದರು. ಮಂಡಿ ನೋವಿನ ಮುದುಕಿ. ಬಾಯಿಗೆ ಮಾತ್ರ ಯಾವ ನೋವೂ ಇಲ್ಲ.

"ಏನಮ್ಮಾ ಇದು?"

"ಕೇಳಿಸಾಕಿಲ್ವಾ ಸಾಮಿ? ಮೀನು ಬಾಯ್ ಬಿಡ್ತಾವೆ."

ಕೇಳಿಸಿತು. ಕೆರೆಯ ನಡುವಿನಿಂದ ಚಪ್ ಚಪ್ ಎಂದು ಶಬ್ದ, ಒಂದು ಮದುವೆ ಮನೆಯಷ್ಟು ಜನ ಒಟ್ಟಿಗೆ ಬಿಸಿ ಚಹಾ ಹೀರಿದ ಹಾಗೆ. ಮೂರು ದಿನದಿಂದ ಕವಿದ ಮೋಡ ಬಿಟ್ಟಿರಲಿಲ್ಲ. ಬಿಸಿಲಿಲ್ಲದೆ ನೀರಿನೊಳಗಿನ ಗಾಳಿ ತೀರಿಹೋಗಿ, ಬೆಳಗಿನ ಜಾವಕ್ಕೆ ಮೀನೆಲ್ಲ ಮೇಲೆ ಬಂದು ಬಾಯಿ ತೆರೆದು ನಿಂತಿದ್ದವು. ನೀರು ಬಡಿದರೆ ಒಂದಿಷ್ಟು ಗಾಳಿ ಬೆರೆಯುತ್ತದೆ, ಬಿಸಿಲು ಬರುವವರೆಗೆ ತಡೆದುಕೊಂಡರೆ ಉಂಟು. ಸೋತವೆಂದರೆ ಒಂದೊಂದಾಗಿ ಅಲ್ಲ, ಹತ್ತು ತಿಂಗಳು ಸಾಕಿದ್ದು ಒಂದೇ ಗಂಟೆಯಲ್ಲಿ ಹೊಟ್ಟೆ ಮೇಲೆ ಮಾಡುತ್ತದೆ. ಇದನ್ನೆಲ್ಲ ವೆಲ್ಡರ್ ನೀರಿನಿಂದ ಏರಿಗೆ ಓಡಿಬರುತ್ತಲೇ ಹೇಳಿದ. ನಾನು ಕಾಯಿ ಒಡೆಯಲು ಎತ್ತಿದ್ದ ಕೈ ಎತ್ತಿದ ಹಾಗೆಯೇ ಇತ್ತು.

"ಪೂಜೆ ಆಮೇಲೆ ಸಾರ್! ಮೊದ್ಲು ಇಳಿಸಿ!"

ಏರಿಯ ಮೇಲೆ ಎರಡು ಚೀಲ ಗುಳಿಗೆಗಳಿದ್ದವು. ನೀರಿಗೆ ಬಿದ್ದರೆ ಕರಗುತ್ತ ಗಾಳಿ ಬಿಡುವ, ಪ್ರಾಣವಾಯುವಿನ ಗುಳಿಗೆ. ಮೀನು ಗುಂಪುಗಟ್ಟಿದ್ದದ್ದು ಕೆರೆಯ ನಡುವೆ, ಯಾವುದೋ ಲೇಔಟಿನವರು ಮಣ್ಣು ತೆಗೆದು ಬಿಟ್ಟುಹೋದ ಆಳದ ಗುಂಡಿಯ ಮೇಲೆ. ಗುಳಿಗೆ ಬೀಳಬೇಕಾದ್ದು ಅಲ್ಲಿ. ಒಬ್ಬ ಹುಟ್ಟು ಹಾಕಬೇಕು, ಇನ್ನೊಬ್ಬ ಎರಚಬೇಕು. ವೆಲ್ಡರನ ತಮ್ಮ ಎಲೆಕ್ಟ್ರಾನಿಕ್ ಸಿಟಿಯಲ್ಲಿ ರಾತ್ರಿ ಪಾಳಿ ಮುಗಿಸಿ ಇನ್ನೂ ಬಂದಿರಲಿಲ್ಲ. ಟೆಂಪೊ ಡ್ರೈವರು, "ನಂಗೆ ಜಿಗಣಿಲಿ ಇನ್ನೊಂದ್ ಲೋಡ್ ಕಾಯ್ತಾ ಇದೆ ಗುರು, ಇಳಿಸ್ಕೊಡ್ತೀನಿ, ಅಷ್ಟೇ" ಎಂದ. ಉಳಿದವನು ನಾನು.

ಇಳಿಸುವಾಗ ಮೊದಲ ಅವಮರ್ಯಾದೆ ನಡೆಯಿತು. ಅವರಿಬ್ಬರು ಮುಂದೆ ಹಿಡಿದರು. ದೋಣಿ ಜಾರದಂತೆ ಹಿಂದಿನ ಹಗ್ಗ ನನ್ನ ಕೈಯಲ್ಲಿತ್ತು. ಭದ್ರವಾಗಿರಲಿ ಎಂದು ಅದನ್ನು ಮಣಿಕಟ್ಟಿಗೆ ಎರಡು ಸುತ್ತು ಸುತ್ತಿಕೊಂಡಿದ್ದೆ. ಮಂಜಿಗೆ ನೆನೆದ ಏರಿಯ ಹುಲ್ಲು ದೋಣಿಯ ತಗಡಿಗೆ ಬೆಣ್ಣೆಯಾಗಿತ್ತು. ಮುಂದಿನವರು ಅಕ್ಕಪಕ್ಕ ಹಾರಿ ಬಚಾವಾದರು. ದೋಣಿ ಹಾರ ಸಮೇತ ನೇರವಾಗಿ ಕೆರೆಗೆ ಹೋಯಿತು. ನಾನೂ ಕುಳಿತ ಭಂಗಿಯಲ್ಲಿಯೇ, ಯಾವ ಅವಸರವೂ ಇಲ್ಲದ ಮುಖಭಾವದಿಂದ, ಅದರ ಹಿಂದೆ ಹೋದೆ.

ಮೇಲಿನಿಂದ ಮುದುಕಿಯ ದನಿ ಬಂತು. "ದೋಣಿ ತೇಲ್ತದೆ ಸಾಮಿ. ನೀವು ತೇಲ್ತೀರಾ?"

ವೆಲ್ಡರ್ ಎರಡು ಚೀಲಗಳನ್ನೂ, ಅವುಗಳ ಹಿಂದೆ ನನ್ನನ್ನೂ ದೋಣಿಯೊಳಕ್ಕೆ ಎತ್ತಿಹಾಕಿ ಹುಟ್ಟು ಹಿಡಿದ. ಅವನು ಮುಂತುದಿಯಲ್ಲಿ, ನನಗೆ ಬೆನ್ನು ಮಾಡಿ. ನಾನು ಹಿಂತುದಿಯಲ್ಲಿ, ಚೀಲಗಳನ್ನು ಮೊಣಕಾಲ ನಡುವೆ ಇಟ್ಟುಕೊಂಡು. ದೋಣಿ ಹೊರಟಿತು. ಅದರ ನಡೆಗೆಯಲ್ಲಿ ಟ್ಯಾಂಕಿನ ಗಾಂಭೀರ್ಯವಿತ್ತು.

ದಡ ಇಪ್ಪತ್ತು ಮಾರು ಹಿಂದೆ ಬಿದ್ದಿರಬಹುದು. ನನ್ನ ಚಪ್ಪಲಿಗಳಲ್ಲೊಂದು ನನ್ನನ್ನು ಬಿಟ್ಟು ಮೆಲ್ಲಗೆ ಮುಂದಕ್ಕೆ ಹೋಗುತ್ತಿರುವುದು ಕಂಡಿತು. ಅದು ತೇಲುತ್ತಿತ್ತು. ದೋಣಿಯ ಹೊರಗಲ್ಲ, ಒಳಗೆ.

ಬಗ್ಗಿ ನೋಡಿದೆ. ಬಲ ಮೂಲೆಯಲ್ಲಿ, ನಾನೇ ಗುರುತು ಹಾಕಿ ಕೊರೆಸಿದ ಅರ್ಧ ಇಂಚಿನ ತೂತಿನಿಂದ ನೀರು ಬೆರಳೆತ್ತರಕ್ಕೆ ಬುಗ್ಗೆಯಾಗಿ ಏಳುತ್ತಿತ್ತು. ಪ್ಲಗ್ ಎಲ್ಲಿ ಎಂದು ಯೋಚಿಸಬೇಕಾಗಿಯೇ ಬರಲಿಲ್ಲ. ಕಣ್ಣಿಗೆ ಕಟ್ಟಿದ ಹಾಗೆ ಕಂಡಿತು. ಗಾಡಿಯ ಕುಲುಕಾಟಕ್ಕೆ ಸಡಿಲವಾಗಿ ಬಿದ್ದುಹೋಗುತ್ತದೆಂದು ನಾವು ಪ್ಲಗ್ಗನ್ನು ಟ್ಯಾಂಕಿಗೆ ತಿರುಪಿ ಕಳಿಸುವುದಿಲ್ಲ. ಪ್ಲಾಸ್ಟಿಕ್ ಕವರಿಗೆ ಹಾಕಿ, ಬಿಲ್ಲಿಗೆ ಪಿನ್ನು ಹೊಡೆದು ಗಿರಾಕಿಯ ಕೈಗೆ ಕೊಡುತ್ತೇವೆ. ಬಿಲ್ ಪಡೆದವನಿಗೆ ಪ್ಲಗ್. ದೋಣಿಯಾದರೋ ನನ್ನ ಔದಾರ್ಯದ ಕಾಣಿಕೆ. ಅದಕ್ಕೆ ಬಿಲ್ ಇರಲಿಲ್ಲ. ಪ್ಲಗ್ ಪೀಣ್ಯದ ಮೇಜಿನ ಖಾನೆಯಲ್ಲಿ, ಬಿಲ್ಲಿನ ದಾರಿ ಕಾಯುತ್ತ ಕುಳಿತಿತ್ತು.

ಬಲಗಾಲಿನ ಹಿಮ್ಮಡಿಯನ್ನು ತೂತಿನ ಮೇಲೆ ಒತ್ತಿದೆ. ಬುಗ್ಗೆ ನಿಂತಿತು. ಸುತ್ತ ಸ್ವಲ್ಪ ಜಿನುಗುತ್ತಿತ್ತು, ಅಷ್ಟೇ.

ಆ ಕ್ಷಣ ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ತೂತಿನ ಮಾತು ಎತ್ತಿದರೆ ಅವನು ದೋಣಿ ತಿರುಗಿಸಿಬಿಡುತ್ತಾನೆ, ಅಷ್ಟರಲ್ಲಿ ಮೀನು ಸಾಯುತ್ತವೆ ಎಂದು ಯೋಚಿಸಿದೆ ಅಂತ ಬರೆದರೆ ಓದಲು ಚೆನ್ನಾಗಿರುತ್ತದೆ. ನಿಜಕ್ಕೂ ಯೋಚಿಸಿದ್ದು ಬೇರೆ. ಹನ್ನೊಂದು ವರ್ಷ ಇದೇ ಹುಡುಗನಿಗೆ, ಒಂದು ಸೂಜಿಮೊನೆಯಷ್ಟು ಸೋರಿದರೂ, ಇಡೀ ಶೆಡ್ಡಿನ ಎದುರು ಪಾಠ ಹೇಳಿದವನು ನಾನು. ಅವನಿಗೆ ನಾನು ಕೊಟ್ಟ ದೋಣಿಯ ತಳದಲ್ಲಿ ಅಳತೆ ಹಿಡಿದು ಕೊರೆದ ತೂತಿದೆ ಎಂದು ಹೇಳುವುದು ಹೇಗೆ?

ಗುಂಡಿಯ ಅಂಚಿಗೆ ಬಂದೆವು. ಅಲ್ಲಿ ನೀರಿನ ಬಣ್ಣವೇ ಕಪ್ಪು. ಸುತ್ತೆಲ್ಲ ದುಂಡು ಬಾಯಿಗಳು, ತೆರೆದು ಮುಚ್ಚಿ, ತೆರೆದು ಮುಚ್ಚಿ. ದೋಣಿ ಹತ್ತಿರ ಬಂದರೂ ಅವು ಹೆದರಿ ಓಡಲಿಲ್ಲ.

"ಎರಚಿ ಸಾರ್!"

ಎರಚಿದೆ. ಬಲಗಡೆಗೆ. ಗುಳಿಗೆ ಬಿದ್ದಲ್ಲಿ ನೀರು ನೊರೆಗಟ್ಟಿತು. ಬಾಯಿಗಳು ಆ ಕಡೆ ತಿರುಗಿದವು. ಇನ್ನೂ ಒಂದು ಬೊಗಸೆ, ಮತ್ತೊಂದು ಬೊಗಸೆ, ಎಲ್ಲವೂ ಬಲಕ್ಕೇ. ಎಡಕ್ಕೆ ತಿರುಗಬೇಕಾದರೆ ಸೊಂಟ ತಿರುಗಬೇಕು. ಸೊಂಟ ತಿರುಗಿದರೆ ಹಿಮ್ಮಡಿ ಏಳುತ್ತಿತ್ತು.

"ಎಡಕ್ಕೆ ಸಾರ್, ಎಡಕ್ಕೆ! ದೊಡ್ಡ ಗುಂಪು ಎಡಗಡೆ ಐತೆ!"

"ಹಾಕ್ತೀನಿ, ಹಾಕ್ತೀನಿ."

"ಎಲ್ಲಿ ಹಾಕ್ತಾ ಇದೀರಾ? ಎಲ್ಲಾ ಆ ಕಡೆಗೇ ಬೀಳ್ತಾ ಐತೆ!"

"ಗಾಳಿ ಆ ಕಡೆಗಿದೆ ಕಣಪ್ಪಾ."

"ಗಾಳಿ ಎಲ್ಲೈತೆ ಸಾರ್? ಗಾಳಿ ಇದ್ದಿದ್ರೆ ಮೀನ್ಯಾಕೆ ಬಾಯ್ ಬಿಡ್ತಿದ್ವು?"

ವಾದದಲ್ಲಿ ಹುರುಳಿತ್ತು. ನಾನು ಇನ್ನೊಂದು ಯುಕ್ತಿ ಹೂಡಿದೆ. "ದೋಣೀನೇ ತಿರುಗಿಸಿಬಿಡು, ಎಡದ್ದು ಬಲಕ್ಕೆ ಬರ್ತದೆ."

"ಇದು ತಿರುಗ್ತದಾ ಸಾರ್? ನಾಲ್ಕು ಮೂಲೆ ಇಟ್ಟು ಮಾಡಿದೀರಾ!" ಆದರೂ ಪಾಪ, ಹಲ್ಲು ಕಚ್ಚಿ ಹುಟ್ಟು ಹಾಕಿದ. ದೋಣಿ ಅರ್ಧಕ್ಕೆ ತಿರುಗಿ, ಮನಸ್ಸು ಬದಲಾಯಿಸಿದಂತೆ ಮತ್ತೆ ಮೊದಲಿನ ದಿಕ್ಕಿಗೇ ಬಂತು. ಹಿಮ್ಮಡಿಯ ಸುತ್ತ ಜಿನುಗಿದ ನೀರು ಅಷ್ಟು ಹೊತ್ತಿಗೆ ನನ್ನ ಕಾಲ್ಗಂಟಿಗೆ ಬಂದಿತ್ತು. ಎಡಗಡೆಯ ಚಪ್ ಚಪ್ ಶಬ್ದ ಕಡಿಮೆಯಾಗುತ್ತಿತ್ತು. ಒಂದು ಮೀನು, ಮೊಳದುದ್ದದ್ದು, ನಿದ್ದೆಯಲ್ಲಿ ಮಗ್ಗುಲು ಬದಲಾಯಿಸುವ ಹಾಗೆ ಪಕ್ಕಕ್ಕೆ ವಾಲಿತು. ಅದರ ಹಿಂದೆ ಇನ್ನೊಂದು ವಾಲಿತು.

"ಡ್ರೈನ್ ತೆರೆದಿದೆ ಕಣೋ," ಅಂದೆ.

ಅವನು ತಿರುಗಿದ. "ಏನು?"

"ಡ್ರೈನು. ನನ್ನ ಕಾಲ ಕೆಳಗಿದೆ. ಪ್ಲಗ್ ಪೀಣ್ಯದಲ್ಲಿದೆ. ಕಾಲೆತ್ತಿದರೆ ಮುಳುಗ್ತೀವಿ. ನನಗೆ ಈಜು ಬರಲ್ಲ."

"ದೋಣಿಗೆ ಡ್ರೈನಾ?"

ಅವನು ನನ್ನ ಮುಖವನ್ನೊಮ್ಮೆ, ಎಡಗಡೆಯ ನೀರನ್ನೊಮ್ಮೆ ನೋಡಿದ. ಮರುಮಾತಿಲ್ಲದೆ ಹುಟ್ಟು ಒಳಗೆಳೆದು, ತಲೆಗೆ ಕಟ್ಟಿದ್ದ ಟವಲಿನ ಅಂಚನ್ನು ಹಲ್ಲಿನಿಂದ ಹರಿದು, ಬತ್ತಿಯಂತೆ ಹೊಸೆದು, ಚೀಲ ದಾಟಿ ಬಂದು ನನ್ನ ಕಾಲು ಸರಿಸಿ, ಹೆಬ್ಬೆರಳಿನಿಂದ ತೂತಿಗೆ ತುರುಕಿದ. ಎಲೆ ಅಡಿಕೆ ಮಡಚುವಷ್ಟು ಹೊತ್ತು ಹಿಡಿಯಲಿಲ್ಲ. ನನ್ನ ಜೇಬಿನಲ್ಲಿಯೂ ಒಂದು ಕರವಸ್ತ್ರವಿತ್ತು. ಅದು ನನಗೆ ಹೊಳೆದಿರಲಿಲ್ಲ.

"ಮೊದ್ಲೇ ಹೇಳಿದ್ರೆ..." ಅಂದವನು ಅಲ್ಲಿಗೇ ನಿಲ್ಲಿಸಿ, ಎರಡನೆಯ ಚೀಲದ ಬಾಯಿ ಕಿತ್ತ.

ಇಬ್ಬರೂ ಎಡಕ್ಕೆ ಎರಚಿದೆವು. ಅವನು ಬೊಗಸೆಯಲ್ಲಿ, ನಾನು ಉಳಿದ ಚಪ್ಪಲಿಯಲ್ಲಿ ತುಂಬಿ ತುಂಬಿ. ನೀರು ಸುಂಯ್ ಎನ್ನುತ್ತ ನೊರೆ ಎದ್ದಿತು. ಬಹಳ ಹೊತ್ತು ಏನೂ ಬದಲಾಗಲಿಲ್ಲ. ವಾಲಿದ್ದವು ವಾಲಿಯೇ ಇದ್ದವು. ಅವುಗಳ ನಡುವೆ ಬಾಯಿಗಳು ತೆರೆದೇ ಇದ್ದವು. ನಾನು ಮನಸ್ಸಿನಲ್ಲಿ ಮನೆದೇವರಿಗೆ, ಅಡ್ಡಪಲ್ಲಕ್ಕಿ ಉತ್ಸವವೋ ಏನೋ ಒಂದನ್ನು ಹರಸಿಕೊಂಡೆ. ಮೀನಿನ ಸಲುವಾಗಿ ನಮ್ಮ ವಂಶದಲ್ಲಿ ಯಾರೂ ಹರಕೆ ಹೊತ್ತದ್ದು ಕೇಳಿಲ್ಲ.

ಪೂರ್ವದಲ್ಲಿ ಮೋಡ ಒಂದು ಕಡೆ ಹರಿಯಿತು. ಬಿಸಿಲು ಮೊದಲು ಏರಿಯ ಮೇಲೆ, ಆಮೇಲೆ ನೀರಿನ ಮೇಲೆ ಬಂತು. ಒಂದು ಬಾಯಿ ಮುಚ್ಚಿ ಕೆಳಗಿಳಿಯಿತು. ಇನ್ನೊಂದು. ಆಮೇಲೆ ಹತ್ತಾರು.

"ಇಳಿದ್ವೇನೋ?" ದಡದಿಂದ ಮುದುಕಿ ಕೂಗಿದರು.

"ಇಳೀತಾವೆ ಕಣವ್ವಾ!" ಅವನು ಹುಟ್ಟನ್ನು ಎತ್ತಿ ಬೀಸಿದ.

ಎಲ್ಲವೂ ಇಳಿಯಲಿಲ್ಲ. ಎಡಗಡೆ ಬೆಳ್ಳಗೆ ತೇಲಿದವನ್ನು, ಕೊಳೆತು ನೀರು ಕೆಡಿಸಬಾರದೆಂದು, ಅವನು ಒಂದೊಂದಾಗಿ ದೋಣಿಗೆ ಎತ್ತಿಹಾಕಿದ. ನಾನು ನೋಡುತ್ತಿರುವುದು ಕಂಡು, ಹುಟ್ಟು ಹಾಕುತ್ತ, ತಿರುಗದೆಯೇ ಹೇಳಿದ: "ಇವು ರಾತ್ರೀನೇ ಹೋಗಿರ್ತವೆ ಬಿಡಿ ಸಾರ್. ನಾವ್ ಬರೋಕ್ ಮುಂಚೇನೇ."

ನನಗೆ ಮೀನಿನ ವಿಷಯ ಏನು ಗೊತ್ತು? ಇರಬಹುದು ಅಂದುಕೊಂಡೆ. ಮನಸ್ಸು ಹಗುರಾಯಿತು. ದಡ ಮುಟ್ಟುವಷ್ಟರಲ್ಲಿ ಒಟ್ಟಾರೆ ದೋಣಿ ಕೆಲಸಕ್ಕೆ ಬಂತಲ್ಲ ಎಂಬಲ್ಲಿಗೂ ಬಂದಿದ್ದೆ.

ಮುದುಕಿ ಕುಂಟುತ್ತ ನೀರಿನಂಚಿಗೆ ಇಳಿದು ಬಂದರು. ದೊಡ್ಡದೊಂದು ಮೀನನ್ನು ಎತ್ತಿಕೊಂಡು, ಕೆನ್ನೆಯ ಮುಚ್ಚಳವನ್ನು ಹೆಬ್ಬೆರಳಿನಿಂದ ಸರಿಸಿ ನೋಡಿದರು.

"ಇವೆಲ್ಲಾ ರಾತ್ರಿ ಸತ್ತಿದ್ದು ಕಣವ್ವಾ," ಅಂದ ಮಗ.

"ಯಾವನ್ಲಾ ಅಂದೋನು? ಕಿವಿರು ಇನ್ನೂ ಕೆಂಪಗೈತೆ. ಈಗ ಸತ್ತಿರಾದು ಇದು."

"ಸುಮ್ನಿರವ್ವಾ ನೀನು."

ಅವನು ಹುಟ್ಟನ್ನು ತೊಳೆಯತೊಡಗಿದ. ಹುಟ್ಟು ಆಗಲೇ ನೀರಿನಲ್ಲಿತ್ತು. ನನ್ನ ತಪ್ಪಿನ ತೂತನ್ನು ಅವನು ಒಂದು ಮಾತಿನಿಂದ ಮುಚ್ಚಿದ್ದ, ಅವನ ತಾಯಿ ಹೆಬ್ಬೆರಳಿನಿಂದ ತೆರೆದಿದ್ದರು. ನಾನು ದೋಣಿಯಲ್ಲಿಯೇ ಕುಳಿತು, "ಅದು ಸತ್ತದ್ದು ನನ್ನಿಂದ ಕಣಮ್ಮಾ," ಅಂದೆ. "ದೋಣಿ ಸೋರ್ತಾ ಇತ್ತು. ನಾಚಿಕೆಗೆ ಹೇಳದೆ ಕೂತಿದ್ದೆ. ಎಡಗಡೆಗೆ ತಡವಾಯ್ತು."

ಅವರು ನನ್ನನ್ನು ನೆನೆದ ಪ್ಯಾಂಟಿನಿಂದ ತಲೆಯವರೆಗೆ ನೋಡಿದರು. ಮೀನನ್ನು ಮಂಕರಿಗೆ ಹಾಕಿದರು. ಆಮೇಲೆ ಮುಖ ಎತ್ತಿ ಪೂರ್ವದ ಕಡೆ ಕಣ್ಣು ಕಿರಿದು ಮಾಡಿದರು.

"ಗುಳಿಗೆ ಇನ್ನೂ ಐತಾ?"

"ಅರ್ಧ ಚೀಲ ಇದೆ."

"ಅಂಗಾದ್ರೆ ಇಳೀಬ್ಯಾಡಿ. ಮೋಡ ತಿರ್ಗಾ ಮುಚ್ಕಂತಾ ಐತೆ, ಓಗಿ ಇನ್ನೊಂದ್ ಸುತ್ತು ಬನ್ನಿ. ಲೋ, ಆ ಬಟ್ಟೆ ಇನ್ನೊಂದ್ ಸಲ ಒತ್ತು."

ಅವನು ಒತ್ತಿದ. ನಾನು ಚೀಲವನ್ನು ತೊಡೆಯ ಮೇಲೆ ಎತ್ತಿಕೊಂಡು ಎಡಕ್ಕೆ ಮುಖ ಮಾಡಿ ಕುಳಿತೆ.