ಮೈ ಇಳಿಸುವ ಮಾತ್ರೆ

ಹೆರಿಗೆಯಾದ ಮೇಲೆ ನಾನು ದಪ್ಪಗಾದದ್ದು ನಿಜ. ಬಂದವರೆಲ್ಲ ಅದನ್ನೇ ಹೇಳಿ ತಲೆ ತಿನ್ನುತ್ತಿದ್ದರು. ಡೊಂಬಿವಲಿಯ ಡಾಕ್ಟರೊಬ್ಬರು ಹಸಿವು ಕಡಿಮೆ ಮಾಡುವ ಮಾತ್ರೆ ಬರೆದುಕೊಟ್ಟರು. ದಿನಕ್ಕೆ ಒಂದು, ಒಂದೇ ತಿಂಗಳು. ಹಸಿವಿನ ಜೊತೆ ಆಯಾಸವೂ ಹೋಯಿತು. ಆಫೀಸು, ಅಡಿಗೆ, ಮಗು, ಎಲ್ಲ ಮುಗಿಸಿಯೂ ಇನ್ನೊಂದು ಮನೆ ಗುಡಿಸುವಷ್ಟು ಹುರುಪು. ಇಂಥದ್ದನ್ನು ಒಂದು ತಿಂಗಳಿಗೆ ಬಿಡಲು ನಾನೇನು ಸನ್ಯಾಸಿನಿಯೇ? ಅದೇ ಚೀಟಿ ಹಿಡಿದು ಒಮ್ಮೆ ಕಲ್ಯಾಣದ ಅಂಗಡಿ, ಒಮ್ಮೆ ಠಾಣೆಯ ಅಂಗಡಿ ಎಂದು ಅಲೆದೆ. ಮಗಳಿಗೆ ನಾಲ್ಕು ವರ್ಷ ತುಂಬಿದರೂ ಅಲೆಯುತ್ತಲೇ ಇದ್ದೆ.

ಆಫೀಸಿನಿಂದ ಮರಳುವಾಗ ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ತರಕಾರಿ ಹೆಚ್ಚುವುದು, ಸೊಪ್ಪು ಬಿಡಿಸುವುದು ನಮ್ಮೆಲ್ಲರ ರೂಢಿ. ಆ ಸಂಜೆ ನನ್ನ ಮಡಿಲಲ್ಲಿ ಮೆಂತ್ಯ ಸೊಪ್ಪಿತ್ತು. ನಾನು ಇಳಿಯಬೇಕಾದ ಡೊಂಬಿವಲಿ ಬಂದಾಗ ಗೆಳತಿಯರು ಕರೆದರಂತೆ, ನಾನು "ಬಂದೆ" ಎಂದೆನಂತೆ. ತಲೆ ಎತ್ತಿದಾಗ ಗಾಡಿ ಕಲ್ಯಾಣವನ್ನೂ ದಾಟಿ ವಿಠ್ಠಲವಾಡಿಯಲ್ಲಿತ್ತು. ಸೊಪ್ಪು ಬಿಡಿಸುವುದು ಯಾವಾಗಲೋ ಮುಗಿದಿತ್ತು. ಬಿಡಿಸಿದ ಎಲೆಗಳನ್ನು ಒಂದೊಂದಾಗಿ ಹರಿದು, ಆ ಚೂರುಗಳನ್ನೂ ಮತ್ತೆ ಹರಿಯುತ್ತಿದ್ದೆ. ಉಗುರಿನ ಸಂದಿಯಲ್ಲಿ ರಕ್ತ. ನಿಲ್ಲಿಸಬೇಕೆಂದರೂ ಕೈ ನಿಲ್ಲಲಿಲ್ಲ. ಹುಟ್ಟಿದಾಗಿನಿಂದ ನಾನು ಅಷ್ಟು ಹೆದರಿರಲಿಲ್ಲ.

ಹಗಲು ಮಗಳನ್ನು ತನ್ನ ಮನೆಯಲ್ಲಿ ನೋಡಿಕೊಳ್ಳುತ್ತಿದ್ದ ಹೆಂಗಸು ಕಾದು ಕಾದು ಬೀಗ ಹಾಕಿ, ಅವಳನ್ನು ನಮ್ಮ ಮನೆಗೇ ತಂದು ಬಿಟ್ಟು ಹೋಗಿದ್ದಳು. ನನ್ನ ಗಂಡ ಬಾಗಿಲಲ್ಲೇ ನಿಂತಿದ್ದರು.

"ಎಂತ ಮಾರಾಯ್ತಿ, ನಿನ್ನ ಸ್ಟೇಶನ್ ನಿನಗೇ ಗೊತ್ತಾಗ್ಲಿಲ್ವಾ?"

"ಆ ಮಾತ್ರೆ ಬಿಡ್ಲಿಕ್ಕೆ ಆಗ್ತಾ ಇಲ್ಲ. ನಂಗೆ ಹೆದರಿಕೆ ಆಗ್ತದೆ."

ಅವರು ಬೈಯಲಿಲ್ಲ. "ನಾಳೆ ಡಾಕ್ಟ್ರ ಹತ್ರ ಹೋಗುವ" ಎಂದಷ್ಟೇ ಹೇಳಿದರು.

ಠಾಣೆಯಲ್ಲಿ ಚಟ ಬಿಡಿಸುವ ಡಾಕ್ಟರೊಬ್ಬರಿದ್ದರು. ಅಲ್ಲಿ ಬೆಂಚಿನ ಮೇಲೆ ಕುಡುಕರ ನಡುವೆ ಕೂತು, ನಮ್ಮ ಊರಿನವರು ಯಾರಾದರೂ ನೋಡಿದರೆ ಎಂದು ಸೆರಗಿನಿಂದ ಮುಖ ಮುಚ್ಚಿಕೊಂಡೆ. ಒಳಗೆ ಡಾಕ್ಟರು, ದಿನಕ್ಕೆ ಎಷ್ಟು ಎಂದು ಮರಾಠಿಯಲ್ಲಿ ಕೇಳಿದರು.

"ಎರಡು" ಎಂದೆ. ಪರ್ಸಿನಲ್ಲಿದ್ದ ಮಾತ್ರೆಯ ಪಟ್ಟಿಯನ್ನು ಮೇಜಿನ ಮೇಲಿಟ್ಟೆ.

ಬೇರೆ ಎಲ್ಲಾದರೂ ಇದೆಯೇ ಎಂದರು. ಇಲ್ಲ ಎಂದೆ. ಸುಳ್ಳು. ಎಲ್ಲ ಕೊಟ್ಟುಬಿಟ್ಟರೆ ನಾಳೆ ಹಾಸಿಗೆಯಿಂದ ಏಳುವುದು ಹೇಗೆ ಎಂಬ ದಿಗಿಲು ವಿಠ್ಠಲವಾಡಿಯ ದಿಗಿಲಿಗಿಂತ ದೊಡ್ಡದಾಗಿತ್ತು. ಪಕ್ಕದಲ್ಲಿ ಕೂತಿದ್ದ ಗಂಡ, ದಿನಕ್ಕೆ ಎರಡೇ ಎಂಬುದನ್ನು ಕೇಳಿ ಸಮಾಧಾನದ ಉಸಿರು ಬಿಟ್ಟರು.

ಅವರ ತೊಡೆಯ ಮೇಲೆ ಮಗಳು ಕೂತಿದ್ದಳು. ನಾವು ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರಿಸುವ ಹುಡುಗಿ. "ಚಾವಲ್ ಕೇ ಡಿಬ್ಬೇ ಮೇಂ ಭೀ ಹೈ" ಎಂದಳು. ಅಕ್ಕಿ ಡಬ್ಬಿಯಲ್ಲೂ ಇದೆ.

ಏನಿದೆ ಮಗೂ ಎಂದು ಡಾಕ್ಟರು ನಗುತ್ತ ಕೇಳಿದರು. ಅವಳು ಮೇಜಿನ ಮೇಲಿದ್ದ ಪಟ್ಟಿಯನ್ನು ತೋರಿಸಿ ಮುಖ ಸಿಂಡರಿಸಿದಳು. "ಕಡವಾ ಹೈ."

ಕಹಿ. ಅದು ಕಹಿ ಎಂದು ಇವಳಿಗೆ ಹೇಗೆ ಗೊತ್ತು?

"ಮೊದಲು ಇವಳನ್ನು ನೋಡಿ" ಎಂದು ಕಿರುಚಿದೆ. "ದಿನಕ್ಕೆ ಎಂಟು ಡಾಕ್ಟರೇ, ಎರಡಲ್ಲ. ಅಕ್ಕಿಯೊಳಗೆ ಇನ್ನೂ ಇದೆ. ನನ್ನನ್ನು ಮನೆಗೆ ಕಳಿಸಬೇಡಿ."