ಮುನ್ನೂರ ಹನ್ನೆರಡನೆಯ ಉಲ್ಲೇಖ

ನಮ್ಮ ವಿಭಾಗದ ಮಾನವ ಹಕ್ಕುಗಳ ಪ್ರೊಫೆಸರಿಗೆ ಬೆಳಗಾಗುವುದು ಸೂರ್ಯ ಹುಟ್ಟಿದಾಗಲ್ಲ, ತಮ್ಮ ಲೇಖನಗಳನ್ನು ಯಾರು ಯಾರು ಉಲ್ಲೇಖಿಸಿದ್ದಾರೆಂದು ಕಂಪ್ಯೂಟರಿನಲ್ಲಿ ನೋಡಿದ ಮೇಲೆ. ಒಂದು ಹೆಚ್ಚಿದ್ದರೆ ಇಡೀ ಕಾರಿಡಾರಿಗೆ ಕಾಫಿ. ಹೆಚ್ಚದಿದ್ದರೆ ಎದುರಿಗೆ ಸಿಕ್ಕವರಿಗೆಲ್ಲ ಮಂಗಳಾರತಿ. ಲೇಖನವನ್ನು ಹಿಗ್ಗಾಮುಗ್ಗಾ ಝಾಡಿಸಿದವನಿಗೂ ಧನ್ಯವಾದ ಬರೆಯುತ್ತಾರೆ: "ಬೈದ್ರೂ ಲೆಕ್ಕಕ್ಕೆ ಬರುತ್ತೆ ಕಣ್ರೀ!" ಅವರ ಮೊದಲ ಲೇಖನಕ್ಕೆ, ಪೊಲೀಸರು ಕರೆದೊಯ್ದ ಮೇಲೆ ಮನೆಗೆ ಮರಳದ ಬಸ್ ಕಂಡಕ್ಟರನೊಬ್ಬನ ಹೆಸರೇ ಶೀರ್ಷಿಕೆ, ಬದಲಿಸಿ ಎಂದು ಸಂಪಾದಕರು ಗೋಗರೆದರೂ ಬದಲಿಸಲಿಲ್ಲವಂತೆ. ಹಟಮಾರಿ ಎಂದು ನಾವೂ ನಗುತ್ತಿದ್ದೆವು. ಇಂದು ಬೆಳಗ್ಗೆ ಅವರ ಕೋಣೆಗೆ ಹೋದಾಗ ಫೋನಿನಲ್ಲಿ ಹೇಳುತ್ತಿದ್ದರು: "ಮುನ್ನೂರ ಹನ್ನೆರಡಾಯ್ತಮ್ಮ." ಆ ಕಡೆಯ ಮುದುಕಿಯ ದನಿ ನನಗೂ ಕೇಳಿಸಿತು: "ಅಷ್ಟು ಜನ ನನ್ನ ಮಗನ ಹೆಸರು ಬರ್ದಿದಾರಾ? ನಾಳೆನೂ ನೋಡಪ್ಪಾ."