ನೆಲ ನೋಡಿ ಸಿನಿಮಾ ಹೇಳುವ ರಿಪೋರ್ಟಕ್ಕ

ಬೆಳಗಿನ ಐದೂಕಾಲು. ಚಿತ್ರಮಂದಿರದ ಮುಂದೆ ಮೂರಾಳೆತ್ತರದ ಕಟೌಟಿಗೆ ಕೊನೆಯ ಹಗ್ಗ ಬಿಗಿಯುತ್ತಿದ್ದಾರೆ. ಸಾಲು ಆಗಲೇ ರಸ್ತೆಯ ತಿರುವು ದಾಟಿದೆ. ಬೆನ್ನಿಗೆ ರಟ್ಟಿನ ರೆಕ್ಕೆ ಕಟ್ಟಿಕೊಂಡು ಬಂದ ಹುಡುಗರು ‘ನಿನ್ನ ರೆಕ್ಕೆ ನನ್ನ ಕಣ್ಣಿಗೆ ಚುಚ್ಚಿತು’ ಎಂದು ಜಗಳವಾಡುತ್ತಿದ್ದಾರೆ. ಒಳಗೆ ತಿಂಡಿ ಕೌಂಟರಿನ ಮುಂದೆ ಐವತ್ತಾರರ ಹೆಂಗಸೊಬ್ಬರು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕಂಕುಳಲ್ಲಿ ಪೊರಕೆ ಇಟ್ಟುಕೊಂಡು ನಿಂತಿದ್ದಾರೆ. ಯಂತ್ರದಿಂದ ಆಗಷ್ಟೇ ಸಿಡಿದು ಬಿದ್ದ ಪಾಪ್‌ಕಾರ್ನಿನ ಒಂದೇ ಒಂದು ಕಾಳನ್ನು ಕೌಂಟರಿನವನು ಅವರ ಅಂಗೈಗೆ ಹಾಕುತ್ತಾನೆ. ಅವರು ಕಣ್ಣು ಮುಚ್ಚಿ ಅಗಿಯುತ್ತಾರೆ.

“ಸೀದಿಲ್ಲ. ಉಪ್ಪೂ ಸರಿಯಾಗಿದೆ. ಮಾರು ಮಾರಾಯ.”

ಇಷ್ಟು ಹೇಳಿ ಅವರು ಸಭಾಂಗಣದ ಕಡೆ ನಡೆಯುತ್ತಾರೆ. ಅವರ ಕೆಲಸ ಪಾಪ್‌ಕಾರ್ನಿನ ರುಚಿ ನೋಡುವುದಲ್ಲ, ಚೆಲ್ಲಿದ ಪಾಪ್‌ಕಾರ್ನ್ ಗುಡಿಸುವುದು. ಇಪ್ಪತ್ತಮೂರು ವರ್ಷದಿಂದ ಈ ಒಂದೇ ಪರದೆ, ಇಪ್ಪತ್ನಾಲ್ಕು ಸಾಲು, ಆರುನೂರ ಹನ್ನೆರಡು ಕುರ್ಚಿ. ಒಂದು ಶೋ ಬಿಟ್ಟು ಇನ್ನೊಂದು ಶೋ ಶುರುವಾಗುವುದಕ್ಕೆ ಸಿಗುವುದು ಇಪ್ಪತ್ತು ನಿಮಿಷ. ಅಷ್ಟರಲ್ಲಿ ಅವರೂ ಇನ್ನಿಬ್ಬರೂ ಸೇರಿ ಇಷ್ಟನ್ನೂ ಗುಡಿಸಿ ಮುಗಿಸಬೇಕು. ಮನೆಯಲ್ಲಿ ಒಂದು ಕೋಣೆ ಗುಡಿಸಲು ಅರ್ಧ ಗಂಟೆ ತೆಗೆದುಕೊಳ್ಳುವ ನಮ್ಮಂಥವರು ಇಲ್ಲಿ ಮೂಗಿನ ಮೇಲೆ ಬೆರಳಿಟ್ಟುಕೊಳ್ಳಬೇಕಷ್ಟೆ.

ಇಲ್ಲಿ ಎಲ್ಲರೂ ಅವರನ್ನು ಕರೆಯುವುದು ‘ರಿಪೋರ್ಟಕ್ಕ’ ಎಂದು. ಸಿನಿಮಾ ಓಡುತ್ತದೋ ಮಲಗುತ್ತದೋ ಎಂಬುದನ್ನು ಪತ್ರಿಕೆಯವರು ಮರುದಿನ ಬರೆಯುತ್ತಾರೆ, ಟಿವಿಯವರು ಸಂಜೆ ಕೂಗುತ್ತಾರೆ. ಅಕ್ಕ ಶೋ ಬಿಟ್ಟ ಇಪ್ಪತ್ತು ನಿಮಿಷಕ್ಕೆ ಹೇಳುತ್ತಾರೆ. ಪರದೆ ನೋಡಿ ಅಲ್ಲ, ನೆಲ ನೋಡಿ.

“ಅದರಲ್ಲೇನು ಮಹಾ ವಿದ್ಯೆ ಇಲ್ಲ. ಸಿನಿಮಾ ಚೆನ್ನಾಗಿದ್ರೆ ಜನ ತಿನ್ನೋದು ಮರೆತುಬಿಡ್ತಾರೆ. ಡಬ್ಬಿ ಅರ್ಧಕ್ಕರ್ಧ ಹಾಗೇ ಉಳಿದಿರುತ್ತೆ. ಬೇಜಾರಾದ್ರೆ ಬಾಯಿಗೆ ಕೆಲಸ ಬೇಕಲ್ಲ? ತಳದ ಉಪ್ಪನ್ನೂ ನೆಕ್ಕಿರ್ತಾರೆ. ಟಿಕೆಟ್ಟನ್ನ ಸುತ್ತಿ ಸುತ್ತಿ ಮಾತ್ರೆ ಮಾಡಿ ಎಸೆದಿದ್ರಂತೂ ಮುಗೀತು, ಆ ಸಿನಿಮಾಕ್ಕೆ ದೇವರೇ ಗತಿ.”

ಕುರ್ಚಿಯ ಕೆಳಗೆ ಮೂಗೊರೆಸಿದ ಕಾಗದದ ಉಂಡೆಗಳು ಸಿಕ್ಕರೆ ಹೆಂಗಸರು ಅತ್ತಿದ್ದಾರೆ, ಮುಂದಿನ ವಾರ ನೆರೆಮನೆಯವರನ್ನೂ ಕರೆತರುತ್ತಾರೆ. ಕಾಲ ಬಳಿ ಪಾಪ್‌ಕಾರ್ನ್ ಒಂದೇ ಗುಡ್ಡೆಯಾಗಿ ಚೆಲ್ಲಿದ್ದರೆ ಬೆಚ್ಚಿಬಿದ್ದಿದ್ದಾರೆ. ಒಮ್ಮೆ ಹದಿನಾರನೆಯ ಸಾಲಿನಲ್ಲಿ ಒಂದು ಜೊತೆ ಕಟ್ಟಿದ ಹಲ್ಲು ಸಿಕ್ಕಿತ್ತು. ಅದರ ಯಜಮಾನರು ಬಾಯಿಗೆ ಕರವಸ್ತ್ರ ಹಿಡಿದುಕೊಂಡು ವಾಪಸ್ ಬರುವ ಮೊದಲೇ ಅಕ್ಕ ಮ್ಯಾನೇಜರಿಗೆ ಹೇಳಿ ಆಗಿತ್ತು: “ಸಾರ್, ನಗೋ ಸೀನು ಭರ್ಜರಿಯಾಗಿದೆ.”

ಇವತ್ತು ಬಿಡುಗಡೆಯಾಗುತ್ತಿರುವುದು ‘ಉಕ್ಕಿನ ರೆಕ್ಕೆ’ ಸರಣಿಯ ಏಳನೆಯ ಭಾಗ, ಕೊನೆಯ ಭಾಗ. ಬೆನ್ನಲ್ಲಿ ಉಕ್ಕಿನ ರೆಕ್ಕೆ ಬೆಳೆದ ಹುಡುಗನೊಬ್ಬನ ಕಥೆ. ಹದಿನಾಲ್ಕು ವರ್ಷದಿಂದ ಹೀಗೆ ಭಾಗದ ಮೇಲೆ ಭಾಗ ಬರುತ್ತಲೇ ಇದೆ, ಜನ ಮುಗಿಬೀಳುತ್ತಲೇ ಇದ್ದಾರೆ. ಯಾಕೆ ಹೀಗೆ ಎಂದು ಪಂಡಿತರು ಪುಟಗಟ್ಟಲೆ ಬರೆದಿದ್ದಾರೆ. ಅಕ್ಕನ ಲೆಕ್ಕ ಗೋಣಿಚೀಲದ್ದು. ಬೇರೆ ಸಿನಿಮಾಕ್ಕೆ ದಿನಕ್ಕೆ ನಾಲ್ಕು ಚೀಲ ಕಸ, ಇದಕ್ಕೆ ಹನ್ನೊಂದು. ಬಿಡುಗಡೆಯ ವಾರ ಎರಡು ಪೊರಕೆ ಸವೆಯುತ್ತದೆ. “ಮೊದಲನೇ ಭಾಗಕ್ಕೆ ಅಮ್ಮನ ಮಡಿಲಲ್ಲಿ ಮಲಗಿ ಸೀಟು ಒದ್ದೆ ಮಾಡಿದ ಮಕ್ಕಳೇ ಇವತ್ತು ರೆಕ್ಕೆ ಕಟ್ಟಿಕೊಂಡು ಹೊರಗೆ ನಿಂತಿರೋದು. ಆ ಸೀಟು ಒರೆಸಿದವಳು ನಾನು. ಈಗ ನನ್ನನ್ನೇ ‘ಸ್ವಲ್ಪ ಪಕ್ಕಕ್ಕೆ ಸರೀರಿ’ ಅಂತಾರೆ, ಕಳ್ಳರು!” ಎಂದು ಅಕ್ಕ ನಗುತ್ತಾರೆ. ಆ ಕಳ್ಳರ ಮೇಲೆ ಅವರಿಗೆ ಎಷ್ಟು ಅಕ್ಕರೆ ಎಂಬುದು ಆ ನಗುವಿನಲ್ಲೇ ಗೊತ್ತಾಗುತ್ತದೆ.

ತಮಾಷೆ ಏನೆಂದರೆ, ಇದುವರೆಗಿನ ಆರು ಭಾಗಗಳಲ್ಲಿ ಒಂದರ ಆರಂಭವನ್ನೂ ಅಕ್ಕ ನೋಡಿಲ್ಲ. ಶೋ ಶುರುವಾದಾಗ ಶೌಚಾಲಯ ತೊಳೆಯುವುದು, ಹೊರಾಂಗಣ ಒರೆಸುವುದು ಇರುತ್ತದೆ. ಕೊನೆಯ ಹತ್ತು ನಿಮಿಷ ಮಾತ್ರ ಪೊರಕೆ, ಚೀಲ ಹಿಡಿದು ಒಳಬಾಗಿಲಲ್ಲಿ ಸಿದ್ಧವಾಗಿ ನಿಂತಿರಬೇಕು. ಹಾಗಾಗಿ ಅವರು ಕಂಡ ಸಿನಿಮಾ ಎಂದರೆ ಬರೀ ಕೊನೆಗಳು. “ಯಾವಾಗ ನೋಡಿದ್ರೂ ಆ ಹುಡುಗ ಗೆದ್ದು ನಿಂತಿರ್ತಾನೆ. ಇವನಿಗೆ ಹುಟ್ಟಿದಾಗಿಂದ ಕಷ್ಟವೇ ಇಲ್ಲವೇನೋ ಅಂದ್ಕೊಂಡಿದ್ದೆ.” ರಜೆಯ ದಿನ ಬಂದು ನೋಡಬಹುದಿತ್ತಲ್ಲ ಎಂದರೆ ಅಕ್ಕ ಕಣ್ಣರಳಿಸುತ್ತಾರೆ: “ರಜೆ ಸಿಕ್ಕಿದ ದಿನವೂ ಇದೇ ಬಾಗಿಲಿಗೆ ಬರ್ಬೇಕಾ? ಚೆನ್ನಾಗಿದೆ!”

ಆರಂಭಗಳನ್ನು ಅವರಿಗೆ ಹೇಳುವುದು ಅತ್ತೆ. ಮನೆಯಲ್ಲಿ ಎಂಬತ್ತೊಂದರ ಅತ್ತೆ, ಶಾಲಾ ವ್ಯಾನು ಓಡಿಸುವ ಗಂಡ, ಆಸ್ಪತ್ರೆಯಲ್ಲಿ ರಕ್ತಪರೀಕ್ಷೆ ಮಾಡುವ ಮಗಳು. ಸಂಜೆ ಮನೆಗೆ ಹೋದ ಕೂಡಲೇ ಅತ್ತೆಯ ಪ್ರಶ್ನೆ: “ಇವತ್ತು ಯಾರೇ ಗೆದ್ದಿದ್ದು?” ಸೊಸೆ ಕೊನೆ ಹೇಳುತ್ತಾಳೆ. ಅತ್ತೆ ಕಾಲು ನೀಡಿಕೊಂಡು ಕೂತು, ಆ ಕೊನೆಗೆ ತಕ್ಕ ಮೊದಲನ್ನು ತಾವೇ ಕಟ್ಟುತ್ತಾರೆ. ಅತ್ತೆಯ ಪ್ರಕಾರ ರೆಕ್ಕೆಯ ಹುಡುಗನಿಗೆ ಮೂವರು ಅಕ್ಕಂದಿರಿದ್ದಾರೆ. ಇಬ್ಬರ ಮದುವೆಯಾಗಿದೆ, ಮೂರನೆಯವಳದೇ ತಲೆನೋವು. ಸಿನಿಮಾದಲ್ಲಿ ಒಬ್ಬಳೂ ಇಲ್ಲ.

ಹದಿನಾಲ್ಕು ವರ್ಷದಲ್ಲಿ ಅಕ್ಕನ ರಿಪೋರ್ಟು ತಪ್ಪಿದ್ದು ಒಂದೇ ಸಲ, ಐದನೆಯ ಭಾಗದಲ್ಲಿ. ಆ ದಿನ ಸಾಲು ಸಾಲಿಗೂ ಡಬ್ಬಿಗಳು ತುಂಬಿ ತುಳುಕುತ್ತಿದ್ದವು. ಅಂಥ ನೆಲವನ್ನು ಅಕ್ಕ ಜನ್ಮದಲ್ಲಿ ನೋಡಿರಲಿಲ್ಲ. “ಸಾರ್, ದಿನಕ್ಕೆ ಆರು ಶೋ ಹಾಕಿ” ಎಂದುಬಿಟ್ಟರು. ಮ್ಯಾನೇಜರ್ ಹಾಕಿಯೂಬಿಟ್ಟರು. ಮೂರನೆಯ ದಿನಕ್ಕೆ ಸಭಾಂಗಣದಲ್ಲಿ ನೊಣ ಹೊಡೆಯುವವರೂ ಇಲ್ಲ! ಆಮೇಲೆ ಗೊತ್ತಾಯಿತು, ಅವತ್ತು ಕೌಂಟರಿನವನು ಇಡೀ ಪಾಪ್‌ಕಾರ್ನನ್ನೇ ಸೀಯಿಸಿದ್ದ. ಜನ ತಿನ್ನದೇ ಬಿಟ್ಟದ್ದು ಸಿನಿಮಾದಿಂದಲ್ಲ, ಕಹಿಯಿಂದ. ಮಾಲೀಕರಿಂದ ಮ್ಯಾನೇಜರಿಗೆ ಸಹಸ್ರನಾಮವಾಯಿತು. ಮ್ಯಾನೇಜರ್ ಅಕ್ಕನಿಗೆ ಒಂದು ಮಾತೂ ಅನ್ನಲಿಲ್ಲ. “ಬೈದಿದ್ರೆ ವಾಸಿಯಿತ್ತು” ಎನ್ನುತ್ತಾರೆ ಅಕ್ಕ. ಅಂದಿನಿಂದ ಪ್ರತಿ ಶೋಗೂ ಮೊದಲು ಆ ಒಂದು ಕಾಳು.

ಇವತ್ತಿನ ರಿಪೋರ್ಟಿಗೆ ಮಾತ್ರ ಎಂದಿಲ್ಲದ ಭಾರವಿದೆ. ಮಾಲೀಕರಿಗೆ ಈ ಕಟ್ಟಡ ಮಾರುವ ಮನಸ್ಸಾಗಿದೆ. ಕೊಳ್ಳಲು ಬಂದಿರುವುದು ಸೋಫಾ, ಮಂಚ ಮಾರುವ ಅಂಗಡಿಯವರು. ಕಳೆದ ವಾರ ಟೇಪು ಹಿಡಿದು ಅಳೆದು, ಹೊರಾಂಗಣದಲ್ಲಿ ಯಾವ ಸೋಫಾ ಎಲ್ಲಿ ಎಂದು ಸೀಮೆಸುಣ್ಣದಲ್ಲಿ ಚೌಕ ಬರೆದು ಹೋದರು. “ಪಾಪ, ನಾನು ನೋಡದೇ ಒರೆಸಿಬಿಟ್ಟೆ” ಎನ್ನುತ್ತಾರೆ ಅಕ್ಕ. ಮತ್ತೆ ಬಂದು ಬರೆದರು. ಅಕ್ಕ ಮತ್ತೆ ‘ನೋಡದೇ’ ಒರೆಸಿದರು.

ಅಂಗಡಿಯವರು ಇವತ್ತು ಬೆಳಿಗ್ಗೆ ಹತ್ತರ ಗಡುವು ಕೊಟ್ಟಿದ್ದಾರೆ. ಮಾಲೀಕರು ಮ್ಯಾನೇಜರಿಗೆ ಹೇಳಿರುವುದು ಇಷ್ಟು: ಏಳನೆಯ ಭಾಗ ನಾಲ್ಕು ವಾರ ನಿಲ್ಲುತ್ತದೆ ಎಂದಾದರೆ ಮಾರುವುದಿಲ್ಲ, ಹೊಸ ಪರದೆ ಹಾಕಿಸುತ್ತೇನೆ. ಇಲ್ಲವೆಂದರೆ ಸಹಿ. ಮೊದಲ ಮೂರು ದಿನದ ಟಿಕೆಟ್ಟು ಹೇಗೂ ಮುಗಿದಿದೆ, ಅದು ಅಭಿಮಾನಿಗಳ ಪ್ರೀತಿ. ಆಮೇಲೆ ಮನೆಮಂದಿ ಬರುತ್ತಾರೋ ಇಲ್ಲವೋ ಅದೇ ಪ್ರಶ್ನೆ. ಹದಿನೇಳು ಜನರ ಕೆಲಸ ಅದರ ಮೇಲೆ ನಿಂತಿದೆ, ಅಕ್ಕನದೂ ಸೇರಿ. ನಿನ್ನೆ ಸಂಜೆಯಿಂದ ಅವರ ಗಂಟಲಲ್ಲಿ ಒಂದು ತುತ್ತೂ ಇಳಿದಿಲ್ಲ.

ಆರಕ್ಕೆ ಐದು ನಿಮಿಷ ಇರುವಾಗ ಮ್ಯಾನೇಜರ್ ಬರುತ್ತಾರೆ. ಕನ್ನಡಕವನ್ನು ಹಣೆಗೇರಿಸಿಕೊಂಡು ಅದನ್ನೇ ಹುಡುಕುವ ಮನುಷ್ಯ. ಕೈಯಲ್ಲೊಂದು ದೊಡ್ಡ ಡಬ್ಬಿ ಪಾಪ್‌ಕಾರ್ನ್.

“ಅಕ್ಕಾ, ಹಿಂದಿನ ಸಾಲಲ್ಲಿ ಗೋಡೆ ಪಕ್ಕದ ಕುರ್ಚಿ ಮಡಚಲ್ಲ ಅಂತ ಮಾರಿಲ್ಲ. ಹೋಗಿ ಕೂತ್ಕೊಳ್ಳಿ.”

“ನಾನಾ? ಶೌಚಾಲಯ ಯಾರು ತೊಳೀತಾರೆ ಸಾರ್?”

“ನಿಮ್ಮ ಜೊತೆ ಗುಡಿಸೋ ಇಬ್ಬರೂ ಒಪ್ಪಿದ್ದಾರೆ. ಆರು ಕೊನೆ ನೋಡಿದ್ದೀರಿ, ಒಂದು ಮೊದಲು ನೋಡಿ. ನಾಳೆ ಇಲ್ಲಿ ಸೋಫಾ ಬಂದ್ರೆ ಸೋಫಾ ನೋಡ್ಕೊಂಡು ಕೂರ್ಬೇಕಾಗುತ್ತೆ.”

ಅಕ್ಕ ಡಬ್ಬಿ ತೆಗೆದುಕೊಳ್ಳುತ್ತಾರೆ. ಪೊರಕೆಯನ್ನು ಗೋಡೆಗೆ ಒರಗಿಸಿ, ಇಪ್ಪತ್ತಮೂರು ವರ್ಷದಲ್ಲಿ ಮೊದಲ ಬಾರಿಗೆ, ತಾವೇ ಸಾವಿರ ಸಲ ಒರೆಸಿದ ಕುರ್ಚಿಯಲ್ಲಿ ಕೂರುತ್ತಾರೆ. ಅದೂ ತುದಿಯಲ್ಲಿ, ಯಾರೋ ಬಂದು ಎಬ್ಬಿಸುತ್ತಾರೇನೋ ಎಂಬ ಹಾಗೆ.

ದೀಪ ಆರುತ್ತದೆ. ಶಿಳ್ಳೆಗೆ ಚಾವಣಿ ಹಾರುವುದೊಂದು ಬಾಕಿ. ಮುಂದಿನ ಸಾಲುಗಳಿಂದ ಹರಿದ ಕಾಗದದ ಚೂರು ಮೇಲೇಳುತ್ತದೆ. “ಅಯ್ಯೋ, ಅದನ್ನೆಲ್ಲ ಹೆಕ್ಕೋದು ನಾನೇ ಕಣ್ರೋ” ಎಂದು ಅಕ್ಕ ಗೊಣಗುತ್ತಾರೆ. ಪರದೆಯ ಮೇಲೆ ಒಬ್ಬ ಪುಟ್ಟ ಹುಡುಗ ನೋವಿನಿಂದ ಬೋರಲು ಮಲಗಿದ್ದಾನೆ. ಬೆನ್ನಿನ ಚರ್ಮ ಸೀಳಿ ರೆಕ್ಕೆ ಹೊರಬರುತ್ತಿದೆ, ಅಮ್ಮ ಒದ್ದೆ ಬಟ್ಟೆ ಹಾಕುತ್ತಿದ್ದಾಳೆ. ಅಕ್ಕ ತುದಿಯಿಂದ ಹಿಂದೆ ಸರಿದು, ಕುರ್ಚಿಗೆ ಬೆನ್ನು ಕೊಟ್ಟು ಕೂರುತ್ತಾರೆ. ಮಧ್ಯಂತರದಲ್ಲೂ ಏಳುವುದಿಲ್ಲ.

ಒಂಬತ್ತಕ್ಕೆ ಸಿನಿಮಾ ಬಿಡುತ್ತದೆ. ಇದು ಬೆಳಗಿನ ವಿಶೇಷ ಶೋ, ಹಾಗಾಗಿ ಮುಂದಿನದು ಹತ್ತೂವರೆಗೆ. ಸೆರಗಿನಿಂದ ಕಣ್ಣೊರೆಸಿಕೊಂಡು, ಕೈಯಲ್ಲಿದ್ದದ್ದನ್ನು ಕುರ್ಚಿಯಲ್ಲಿಟ್ಟು, ಅಕ್ಕ ಪೊರಕೆ ಹಿಡಿದು ಮೊದಲ ಸಾಲಿಗೆ ಓಡುತ್ತಾರೆ. ಮ್ಯಾನೇಜರ್ ಬಾಗಿಲಲ್ಲಿ ನಿಂತಿದ್ದಾರೆ. ಅವರ ಹಿಂದೆ ಟಿಕೆಟ್ ಹರಿಯುವವನು, ಕೌಂಟರಿನವನು, ಕಾವಲಿನವನು, ಒಬ್ಬೊಬ್ಬರಾಗಿ ಬಂದು ನಿಲ್ಲುತ್ತಾರೆ. ಪೊರಕೆಯ ಸದ್ದೊಂದೇ.

ಹನ್ನೆರಡು ಸಾಲು ಮುಗಿಸಿ ಅಕ್ಕ ಸೊಂಟ ಹಿಡಿದು ನಿಲ್ಲುತ್ತಾರೆ. ಮುಖ ಬಾಡಿದೆ.

“ಏನಕ್ಕಾ?”

“ನೆಲ ಏನೂ ಹೇಳ್ತಿಲ್ಲ ಸಾರ್. ಇದು ಅಭಿಮಾನಿಗಳ ನೆಲ. ಡಬ್ಬಿ ತುಂಬಾ ಉಳಿದಿದೆ ನಿಜ, ಆದ್ರೆ ಕಿರುಚೋ ಬಾಯಿಗೆ ತಿನ್ನೋಕೆಲ್ಲಿ ಪುರುಸೊತ್ತು? ಇದನ್ನ ನಂಬಿ ಹೇಳಿದ್ರೆ ಇನ್ನೊಂದು ಐದನೇ ಭಾಗ ಆದೀತು. ಮಧ್ಯಾಹ್ನದ ಶೋಗೆ ಮನೆಮಂದಿ ಬರಲಿ, ಆಗ ಹೇಳ್ತೀನಿ.”

“ಹತ್ತಕ್ಕೆ ಮಾಲೀಕರ ಫೋನ್ ಬರುತ್ತೆ ಅಕ್ಕಾ” ಎಂದು ಮ್ಯಾನೇಜರ್ ಅಲ್ಲೇ ಒಂದು ಕುರ್ಚಿಯಲ್ಲಿ ಕುಸಿಯುತ್ತಾರೆ.

ಅಕ್ಕ ಗುಡಿಸುತ್ತ ಗುಡಿಸುತ್ತ ಮೇಲೇರುತ್ತಾರೆ. ಇಪ್ಪತ್ತು, ಇಪ್ಪತ್ತೆರಡು, ಇಪ್ಪತ್ನಾಲ್ಕು. ಗೋಡೆಯ ಪಕ್ಕದ ಮಡಚದ ಕುರ್ಚಿಯ ಮೇಲೆ ಒಂದು ಡಬ್ಬಿ ಇದೆ. ಅಭ್ಯಾಸದಂತೆ ಚೀಲಕ್ಕೆ ಸುರಿಯಲು ಎತ್ತಿದವರು ಹಾಗೇ ನಿಲ್ಲುತ್ತಾರೆ. ಡಬ್ಬಿ ಭಾರವಾಗಿದೆ. ಅಂಚಿನ ಮೇಲೆ ಗೋಪುರವಾಗಿ ತುಂಬಿದ್ದು ತುಂಬಿದ ಹಾಗೇ ಇದೆ. ಒಂದು ಕಾಳೂ ಕದಲಿಲ್ಲ.

ಅದು ಅವರದೇ ಡಬ್ಬಿ.

ಅಕ್ಕ ಒಂದು ಕಾಳು ಬಾಯಿಗೆ ಹಾಕಿ, ಕಣ್ಣು ಮುಚ್ಚಿ ಅಗಿಯುತ್ತಾರೆ. ಸೀದಿಲ್ಲ. ಉಪ್ಪು ಸರಿಯಾಗಿದೆ.

“ಸಾರ್!” ಖಾಲಿ ಸಭಾಂಗಣದಲ್ಲಿ ಅವರ ಕೂಗು ಮಾರ್ದನಿಸುತ್ತದೆ. “ನಿಲ್ಲುತ್ತೆ! ನಾಲ್ಕು ವಾರ ಅಲ್ಲ, ಆರು ವಾರ ನಿಲ್ಲುತ್ತೆ!”

“ನೆಲ ಏನೂ ಹೇಳಲ್ಲ ಅಂದ್ರಿ?”

“ನೆಲ ಬಿಡಿ. ನಿನ್ನೆ ಸಂಜೆಯಿಂದ ಹಸಿದ ಹೊಟ್ಟೆ ನಂದು. ರೆಕ್ಕೆ ಕಟ್ಟಿಕೊಂಡು ಬಂದವಳಲ್ಲ, ಶಿಳ್ಳೆ ಹಾಕಿದವಳಲ್ಲ, ಹಿಂದಿನ ಕಥೆ ಒಂದೂ ಗೊತ್ತಿಲ್ಲ. ಮೂರು ಗಂಟೆ ತೊಡೆ ಮೇಲಿದ್ದ ಡಬ್ಬಿಗೆ ಕೈ ಹಾಕೋದೇ ಮರೆತೆ.”

“ಒಂದು ಡಬ್ಬಿ ಸಾಕಾ ಅಕ್ಕಾ?”

“ಅನ್ನ ಬೆಂದಿದೆಯಾ ಅಂತ ನೋಡೋಕೆ ಒಂದು ಅಗುಳು ಸಾಕಲ್ವಾ ಸಾರ್?”

ಹತ್ತಕ್ಕೆ ಸರಿಯಾಗಿ ಕಚೇರಿಯ ಫೋನ್ ಬಡಿದುಕೊಳ್ಳುತ್ತದೆ. ಬಾಗಿಲ ಬಳಿ ಹದಿನಾರು ಕಿವಿಗಳಲ್ಲ, ಹದಿನಾರು ಜೊತೆ ಕಿವಿಗಳು. “ನಿಲ್ಲುತ್ತೆ ಸಾರ್, ಮನೆಮಂದಿ ಬರ್ತಾರೆ” ಎನ್ನುತ್ತಾರೆ ಮ್ಯಾನೇಜರ್. ಆ ಕಡೆಯಿಂದ ಒಂದೇ ಪ್ರಶ್ನೆ: ಹೇಳಿದ್ದು ಯಾರು?

“ಅಕ್ಕ.”

ಮಾಲೀಕರ ದನಿ ಹೊರಗಿನವರಿಗೂ ಕೇಳುತ್ತದೆ. “ಸರಿ. ಸೋಫಾದವರಿಗೆ ಬೇಡ ಅಂತ ನಾನೇ ಹೇಳ್ತೀನಿ.”

ಕೌಂಟರಿನವನು ಕುಣಿದು ಟಿಕೆಟ್ ಹರಿಯುವವನ ಕಾಲು ತುಳಿಯುತ್ತಾನೆ. ಮ್ಯಾನೇಜರ್ ಹಣೆಯ ಮೇಲಿನ ಕನ್ನಡಕ ಹುಡುಕುತ್ತ ಕಣ್ಣೊರೆಸಿಕೊಳ್ಳುತ್ತಾರೆ. ಅಕ್ಕ ಅಷ್ಟರಲ್ಲಿ ಹೊರಾಂಗಣದ ಮೂಲೆಯಲ್ಲಿ ಉಳಿದಿದ್ದ ಸೀಮೆಸುಣ್ಣದ ಕೊನೆಯ ಚೌಕವನ್ನು ಒರೆಸುತ್ತಿದ್ದಾರೆ, ಈ ಸಲ ಚೆನ್ನಾಗಿ ನೋಡಿಕೊಂಡೇ.

ಸಿನಿಮಾ ಹೇಗಿತ್ತು ಎಂದು ಕೇಳಿದರೆ ಕೈ ನಿಲ್ಲಿಸುತ್ತಾರೆ. “ಆ ಹುಡುಗನಿಗೂ ಅಷ್ಟೊಂದು ಕಷ್ಟ ಇತ್ತು ಅಂತ ಗೊತ್ತೇ ಇರಲಿಲ್ಲ. ಪಾಪ, ಬರೀ ಗೆದ್ದಿದ್ದನ್ನ ನೋಡಿ ಹೊಟ್ಟೆಕಿಚ್ಚು ಪಟ್ಟಿದ್ದೆ.”

ಪಾಪ್‌ಕಾರ್ನ್ ಡಬ್ಬಿಯ ಬಾಯಿಗೆ ಅವರು ಕಾಗದ ಸುತ್ತಿ ದಾರ ಕಟ್ಟಿಟ್ಟಿದ್ದಾರೆ. ಅದು ಅತ್ತೆಗಂತೆ. ಎಂಬತ್ತೊಂದರಲ್ಲೂ ಅತ್ತೆಯ ಹಲ್ಲು ಒಂದೂ ಅಲುಗಾಡಿಲ್ಲ.

“ಇವತ್ತು ಮೊದಲಿಂದ ಕಥೆ ಹೇಳೋದು ನಾನು. ಅಕ್ಕಂದಿರೆಲ್ಲಿ ಹೋದ್ರು ಅಂತ ಜಗಳ ತೆಗೀತಾರೆ, ತೆಗೀಲಿ. ಡಬ್ಬಿ ಅವರ ಮುಂದಿಟ್ಟು ಶುರು ಮಾಡ್ತೀನಿ. ಖಾಲಿ ಮಾಡಿದ್ರೆ ನಾನು ಫ್ಲಾಪು. ಹಾಗೇ ಉಳಿದ್ರೆ...” ಅಕ್ಕ ಮಾತು ಮುಗಿಸದೆ ನಗುತ್ತಾರೆ. ಎರಡನೆಯ ಶೋಗೆ ಗಂಟೆ ಬಡಿಯುತ್ತದೆ. ಪೊರಕೆ ಕಂಕುಳಿಗೆ ಸಿಕ್ಕಿಸಿ ಕೌಂಟರಿನ ಮುಂದೆ ಹೋಗಿ ನಿಂತು, ಅಂಗೈ ಚಾಚುತ್ತಾರೆ.

“ಕೊಡು ಮಾರಾಯ, ಒಂದು ಕಾಳು.”